ಸಿಗಾರನ್ನು ಕಾಫಿಯಲ್ಲಿ ಅದ್ದಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಾಫಿ ಘಮದ ಸಿಗಾರ್‌ಗಳ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿ ಓದಿಸಿಕೊಂಡು ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಜೊತೆಗೆ ಹಾಕಿದ್ದ ಚಿತ್ರ ನೋಡಿ ಹಣೆ ಚಚ್ಚಿಕೊಂಡೆ. ಯಾರೋ ಒಬ್ಬರು ಸಿಗಾರಿನ ತುದಿಯನ್ನು ಕಾಫಿ ಕಪ್ಪಿನೊಳಗೆ ಅದ್ದುತ್ತಿದ್ದಾರೆ, ಬಿಸ್ಕತ್ತು ಅದ್ದುವ ಹಾಗೆ! ಇದನ್ನು ನೋಡಿ ನಾಲ್ಕು ಜನ ಹಾಗೇ ಮಾಡಿದರೆ ನಾಲ್ಕು ಸಿಗಾರ್ ಹಾಳು.

ಸಿಗಾರ್ ಅಂದರೆ ಬರೀ ಎಲೆ. ಒಳಗೆ ತುಂಬಿದ ಎಲೆ, ಅದನ್ನು ಹಿಡಿದಿಡುವ ಎಲೆ, ಅದರ ಮೇಲೆ ಸುತ್ತಿದ ತೆಳ್ಳನೆಯ ಎಲೆ. ಒಣ ಎಲೆ ನೀರು ಕಂಡರೆ ಸುಮ್ನೆ ಇರುತ್ತದಾ? ಹೀರುತ್ತದೆ, ಉಬ್ಬುತ್ತದೆ. ಮೇಲಿನ ಎಲೆ ಬಿರಿಯುತ್ತದೆ, ಒಳಗೆ ಗಾಳಿ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ, ದಮ್ಮು ಎಳೆದೂ ಎಳೆದೂ ಕೆನ್ನೆ ನೋಯುತ್ತದೆಯೇ ಹೊರತು ಹೊಗೆ ಬರುವುದಿಲ್ಲ. ಬಂದರೂ ಅದರಲ್ಲಿ ಕಾಫಿ ಇರುವುದಿಲ್ಲ, ನೆನೆದ ರಟ್ಟು ಸುಟ್ಟ ರುಚಿ ಇರುತ್ತದೆ. ನಿಮಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಚಿತ್ರ ಬಿಡಿ. ನನ್ನ ನಿಜವಾದ ತಕರಾರು ಬರಹದ ಮೇಲೆ. ಕಾಫಿ ಸಿಗಾರ್ ಅನ್ನುವುದು ಒಂದೇ ಬಗೆಯ ಸಾಮಾನು ಅನ್ನುವ ಹಾಗೆ ಬರೆದಿದ್ದಾರೆ. ಅಲ್ಲ. ಆ ಹೆಸರಿನಡಿ ತೀರಾ ಬೇರೆ ಬೇರೆ ಸಾಮಾನು ಮಾರಾಟವಾಗುತ್ತವೆ. ಯಾವುದು ಯಾವುದು ಅಂತ ಗೊತ್ತಿಲ್ಲದೆ ಕೊಂಡವರು ಒಂದು ಸೇದಿ, ಮುಖ ಹಿಂಡಿ, ಇಡೀ ಜಾತಿಯನ್ನೇ ಬೈಯುತ್ತಾರೆ.

ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಸಾಧಾರಣ ಎಲೆಯ ಮೇಲೆ ಕಾಫಿ ಎಸೆನ್ಸ್ ಸಿಂಪಡಿಸಿ, ಬಾಯಿಗೆ ಇಡುವ ತುದಿಗೆ ಸಿಹಿ ಬಳಿದು ಮಾರುವುದು. ಪ್ಯಾಕೆಟ್ ತೆರೆದ ತಕ್ಷಣ ಘಮ್ ಅನ್ನುತ್ತದೆ, ಹಚ್ಚಿದ ಹತ್ತು ನಿಮಿಷಕ್ಕೆ ಆ ಘಮವೂ ಇಲ್ಲ, ಎಲೆಯ ರುಚಿಯೂ ಇಲ್ಲ, ನಾಲಿಗೆ ಮೇಲೆ ಬರೀ ಅಂಟು. ಎಲ್ಲವೂ ಹೀಗೆ ಅಂತಲ್ಲ. ಆದರೆ ಜಾಸ್ತಿ ಹೀಗೇ.

ಇನ್ನೊಂದರ ಕೆಲಸವೇ ಬೇರೆ. ಎಲೆಯನ್ನೋ ಸುತ್ತಿದ ಸಿಗಾರನ್ನೋ ಕಾಫಿ ಮತ್ತಿತರ ಘಮದ ಪದಾರ್ಥಗಳ ಜೊತೆ ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇಡುತ್ತಾರೆ. ಹೊಗೆಸೊಪ್ಪು ಪಕ್ಕದಲ್ಲಿದ್ದದ್ದರ ವಾಸನೆಯನ್ನು ತಾನೇ ಎಳೆದುಕೊಳ್ಳುತ್ತದೆ. ಮಲ್ಲಿಗೆ ಇಟ್ಟ ಪೆಟ್ಟಿಗೆಯಲ್ಲಿ ಬಟ್ಟೆಗೂ ಮಲ್ಲಿಗೆ ಹತ್ತುತ್ತದಲ್ವಾ, ಹಾಗೆ. ಇದನ್ನು ಇನ್‌ಫ್ಯೂಸ್ಡ್ ಅನ್ನುತ್ತಾರೆ. ಘಮ ಎಲೆಯ ಒಳಗೇ ಇಳಿದಿರುವುದರಿಂದ ಕೊನೆಯವರೆಗೂ ಸಣ್ಣಗೆ ಉಳಿಯುತ್ತದೆ, ಎಲೆಯ ಸ್ವಂತ ರುಚಿಯನ್ನು ತುಳಿಯುವುದಿಲ್ಲ. ಮಧ್ಯ ಅಮೆರಿಕದ ನಿಕರಾಗ್ವಾ ದೇಶದ ಎಸ್ತೆಲಿಯಲ್ಲಿ ಕಾರ್ಖಾನೆ ಇರುವ ಡ್ರೂ ಎಸ್ಟೇಟ್ ಈ ಕೆಲಸಕ್ಕೇ ಹೆಸರು ಮಾಡಿದ ಕಂಪನಿ. ಅವರ ತಬಾಕ್ ಎಸ್ಪೆಸಿಯಲ್ ಎರಡು ಬಣ್ಣದಲ್ಲಿ ಬರುತ್ತದೆ: ತಿಳಿ ಎಲೆಯದು ದುಲ್ಸೆ, ಕಪ್ಪು ಎಲೆಯದು ನೆಗ್ರಾ. ಇನ್ನೊಬ್ಬ ಸಿಗಾರ್ ತಯಾರಕ ರಾಕಿ ಪಟೇಲ್ ಜೊತೆ ಸೇರಿ ಮಾಡುವ ಜಾವಾದಲ್ಲೂ ಲಾಟೆ ಮತ್ತು ಮಡೂರೋ ಅಂತ ತಿಳಿಯದು, ಕಪ್ಪಿನದು ಇವೆ. ಓಲಿವಾ ಕಂಪನಿಯ ನಬ್ ಕೆಫೆ ಸಾಲಿನಲ್ಲಿ ಕ್ಯಾಪುಚಿನೊ, ಮಕಿಯಾಟೊ, ಎಸ್ಪ್ರೆಸೊ ಅಂತ ಮೂರಿದ್ದವು, ಆಮೇಲೆ ಅದಕ್ಕೆ ನಬ್ ನ್ಯೂಆನ್ಸ್ ಅಂತ ಹೆಸರು ಬದಲಾಯಿತು. ನನ್ನನ್ನು ಕೇಳಿದರೆ ಕಪ್ಪು ಎಲೆಯವೇ ಮೇಲು. ತಿಳಿ ಎಲೆಯ ಮೇಲೆ ಕಾಫಿ ಘಮ ಹೇರಿದಂತೆ ಅನಿಸುತ್ತದೆ, ಕಪ್ಪು ಎಲೆಯಲ್ಲಿ ಮೊದಲೇ ಇದ್ದದ್ದು ಎದ್ದು ಬಂದಂತೆ ಅನಿಸುತ್ತದೆ.

ಮೊದಲೇ ಇದ್ದದ್ದು ಅಂದೆನಲ್ಲ, ನಿಮ್ಮ ಬರಹಗಾರರು ಪೂರ್ತಿ ಬಿಟ್ಟದ್ದು ಅದನ್ನೇ. ಒಂದು ಕಾಳು ಕಾಫಿಯನ್ನೂ ಸೋಕಿಸದ ಸಿಗಾರಿನಲ್ಲೂ ಕಾಫಿ ರುಚಿ ಇರುತ್ತದೆ. ಹಸಿರು ಕಾಫಿ ಬೀಜ ಮೂಸಿ ನೋಡಿ, ಹುಲ್ಲಿನ ವಾಸನೆ. ಹುರಿದ ಮೇಲೆ ಕಾಫಿ. ಹಸಿ ಹೊಗೆಸೊಪ್ಪಿನದೂ ಅದೇ ಕಥೆ. ಒಣಗಿಸಿದ ಎಲೆಗೆ ತೇವ ಕೊಟ್ಟು ಆಳೆತ್ತರದ ರಾಶಿ ಹಾಕುತ್ತಾರೆ, ರಾಶಿ ಒಳಗಿನಿಂದ ತಾನೇ ಬಿಸಿಯೇರುತ್ತದೆ, ಮಿತಿ ಮೀರಿ ಬಿಸಿಯಾದರೆ ಎಲೆ ಕೆಡುತ್ತದೆ ಅಂತ ಆಗಾಗ ಮಗುಚಿ ಹಾಕುತ್ತಾರೆ, ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ತಿಂಗಳುಗಳು ಕಳೆದ ಮೇಲೆ ಅದೆಲ್ಲ ಹೋಗಿ ಎಲೆ ಕಂದಾಗಿ, ಮೆತ್ತಗಾಗಿ, ಘಮ ಬರುತ್ತದೆ. ಇದನ್ನು ಇನ್ನೂ ಮುಂದಕ್ಕೆ ಒಯ್ದು ಎಲೆಯನ್ನು ಕಪ್ಪಗೆ ಮಾಗಿಸಿದರೆ ಮಡೂರೋ. ಸ್ಪ್ಯಾನಿಷ್‌ನಲ್ಲಿ ಆ ಮಾತಿನ ಅರ್ಥವೇ ಮಾಗಿದ್ದು ಅಂತ. ಬೀಜ ಬೆಂಕಿಯ ಮೇಲೆ ನಿಮಿಷಗಳಲ್ಲಿ ಪಡೆಯುವ ಬಣ್ಣ ಮತ್ತು ಕಹಿ-ಸಿಹಿಯ ಕಡೆಗೇ ಎಲೆ ನಿಧಾನವಾಗಿ ನಡೆಯುತ್ತದೆ. ಅದಕ್ಕೇ ಒಳ್ಳೆಯ ಮಡೂರೋ ಸೇದಿದವರು ಕಾಫಿ, ಕೋಕೋ ಅಂತ ಹೇಳುವುದು. ಅದು ಬರೀ ಮಾತಿನ ಅಲಂಕಾರ ಅಲ್ಲ. ಇನ್ನೊಂದು ತಮಾಷೆ ನೋಡಿ, ನಿಕರಾಗ್ವಾದಲ್ಲಿ ಹೊಗೆಸೊಪ್ಪಿನ ಎಸ್ತೆಲಿಗೆ ತಾಗಿಕೊಂಡೇ ಹಿನೊತೇಗಾ, ಮತಗಾಲ್ಪಾ ಇವೆ, ಆ ದೇಶದ ಕಾಫಿಯ ದೊಡ್ಡ ಸೀಮೆಗಳು. ಎರಡೂ ಅಕ್ಕಪಕ್ಕದ ಬೆಟ್ಟಗಳ ಬೆಳೆ.

ಹಾಗಾಗಿ ಕಾಫಿ ಸಿಗಾರ್ ಬೇಕು ಅನ್ನುವವರು ಮೊದಲು ಘಮ ಸೇರಿಸದ ಒಂದು ಮಡೂರೋ ನೋಡಲಿ. ಎಲೆಯಲ್ಲೇ ಎಷ್ಟು ಕಾಫಿ ಇದೆ ಅಂತ ತಿಳಿದ ಮೇಲೆ, ಸೇರಿಸಿದ್ದು ಎಷ್ಟು, ಸೇರಿಸಿದ್ದು ಬೇಕಿತ್ತಾ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಾನು ಇದನ್ನು ಉಲ್ಟಾ ಕಲಿತೆ, ವರ್ಷಗಟ್ಟಲೆ ಸಿಹಿ ತುದಿ ಚೀಪಿದ ಮೇಲೆ.

ಕೊಳ್ಳುವಾಗ ಏನು ನೋಡಬೇಕು? ಮೂಗನ್ನು ಪೂರ್ತಿ ನಂಬಬೇಡಿ, ಜೋರು ಘಮ ಅಂದರೆ ಒಳ್ಳೆಯ ಸಿಗಾರ್ ಅಂತಲ್ಲ. ಬೆರಳಲ್ಲಿ ಮೆಲ್ಲಗೆ ಒತ್ತಿ. ಸ್ವಲ್ಪ ತಗ್ಗಿ ಮತ್ತೆ ಎದ್ದರೆ ಸರಿ. ಚರಚರ ಅಂದರೆ ಒಣಗಿದೆ. ಒಳಗೆ ಉದ್ದುದ್ದ ಎಲೆ ಇದೆಯಾ, ಚೂರುಪಾರು ಇದೆಯಾ ಕೇಳಿ. ಚೂರಿನದು ಬೇಗ ಉರಿದು ಬಿಸಿಯಾಗುತ್ತದೆ, ಬಿಸಿಯಾದರೆ ಕಾಫಿ ಘಮ ಸೀದ ವಾಸನೆಯಾಗುತ್ತದೆ. ತುದಿಗೆ ಸಿಹಿ ಬಳಿದಿದೆಯಾ ಅಂತಲೂ ಕೇಳಿ, ಬಹಳ ಕಡೆ ಅದನ್ನು ತಾವಾಗಿ ಹೇಳುವುದಿಲ್ಲ. ದಪ್ಪವನ್ನು ಅಂಗುಲದ 64ನೇ ಒಂದು ಪಾಲಿನ ಲೆಕ್ಕದಲ್ಲಿ ಹೇಳುತ್ತಾರೆ, 50 ಅಂದರೆ ಮುಕ್ಕಾಲು ಅಂಗುಲಕ್ಕಿಂತ ಸ್ವಲ್ಪ ಜಾಸ್ತಿ. 5 ಅಂಗುಲ ಉದ್ದ, 50 ದಪ್ಪದ್ದು ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಘಮದ ಸಿಗಾರನ್ನು ಅಷ್ಟು ಹೊತ್ತು ಸೇದಿದರೆ ಯಾರಿಗಾದರೂ ಸಾಕಾಗುತ್ತದೆ. ಚಿಕ್ಕದೇ ತಗೊಳ್ಳಿ.

ಹಚ್ಚುವುದಕ್ಕೆ ಪೆಟ್ರೋಲ್ ಲೈಟರ್, ಮೇಣದಬತ್ತಿ ಬೇಡ, ಅವುಗಳ ವಾಸನೆ ಎಲೆಗೆ ಹತ್ತುತ್ತದೆ. ಗ್ಯಾಸ್ ತುಂಬಿದ ಲೈಟರ್ ಸಾಕು. ಬೆಂಕಿಕಡ್ಡಿಯಾದರೆ ಮದ್ದು ಉರಿದುಹೋಗುವವರೆಗೆ ತಡೆಯಿರಿ. ನಿಮಿಷಕ್ಕೆ ಒಂದು ದಮ್ಮು, ಅದೂ ಬಾಯಿಗೆ ಮಾತ್ರ, ಎದೆಗೆ ಇಳಿಸುವ ಹಾಗಿಲ್ಲ. ನಿಜವಾದ ಕಾಫಿ ಸಿಗುವುದು ನಾಲಿಗೆಯಲ್ಲಲ್ಲ, ಬಾಯಲ್ಲಿರುವ ಹೊಗೆಯಲ್ಲಿ ಒಂಚೂರನ್ನು ಮೂಗಿನಿಂದ ಹೊರಗೆ ಬಿಟ್ಟಾಗ. ಕಣ್ಣಲ್ಲಿ ನೀರು ಬರಬಹುದು, ಮೊದಮೊದಲು. ಕೊನೆಯ ಭಾಗ ಕಹಿಯಾಯಿತೋ, ಆಶ್‌ಟ್ರೇಯಲ್ಲಿ ಇಟ್ಟುಬಿಡಿ, ತಾನೇ ಆರುತ್ತದೆ. ಹೊಸಕಬೇಡಿ, ನಾರುತ್ತದೆ. ದುಡ್ಡು ಕೊಟ್ಟಿದ್ದೇನೆ ಅಂತ ಕೊನೆಯವರೆಗೂ ಎಳೆಯುವ ಹಟ ನನಗೂ ಇತ್ತು.

ಜೊತೆಗೆ ಕುಡಿಯಲು ಕಾಫಿಯೇ ಆಗಬೇಕು ಅಂತ ನಿಮ್ಮ ಬರಹ ಹೇಳುತ್ತದೆ. ಸಿಹಿ ಬಳಿದ ಸಿಗಾರಿಗೆ ಸಕ್ಕರೆ ಹಾಕಿದ ಕಾಫಿ ಜೊತೆಯಾದರೆ ಎರಡರ ರುಚಿಯೂ ಹೋಗುತ್ತದೆ. ಹಾಲು ಸಕ್ಕರೆ ಇಲ್ಲದ ಕಾಫಿ ಕುಡಿಯಿರಿ, ಇಲ್ಲವಾದರೆ ನೀರು. ಹಾಲಿನ ಕಾಫಿ ಬೇಕೇ ಬೇಕು ಅಂದರೆ ಘಮ ಸೇರಿಸದ ಮಡೂರೋ ಜೊತೆಗೆ, ಅದು ನಿಜಕ್ಕೂ ಒಳ್ಳೆಯ ಜೋಡಿ.

ಈಗ ನನಗೆ ಸಿಟ್ಟು ಬಂದ ಸಾಲಿಗೆ ಬರುತ್ತೇನೆ. ಕಾಫಿ ಘಮದವು "ಹಗುರ, ಹೊಸಬರಿಗೆ ಒಳ್ಳೆಯದು" ಅಂತ ಬರೆದಿದ್ದಾರೆ. ಹಗುರ ಆಗಿರುವುದು ರುಚಿ ಮಾತ್ರ. ದೊಡ್ಡ ಸಿಗಾರಿನಲ್ಲಿ 5ರಿಂದ 20 ಗ್ರಾಂ ಹೊಗೆಸೊಪ್ಪು ಇರುತ್ತದೆ, ಒಂದು ಸಿಗರೇಟಿನಲ್ಲಿ 1 ಗ್ರಾಮಿಗೂ ಕಡಿಮೆ. ಸಿಗಾರ್ ಹೊಗೆ ಕ್ಷಾರದ ಗುಣದ್ದು, ಹಾಗಾಗಿ ಎದೆಗೆ ಇಳಿಸದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ, ಕಾಫಿ ಘಮ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಾನು ಒಮ್ಮೆ ಖಾಲಿ ಹೊಟ್ಟೆಯಲ್ಲಿ, ಇದು ಹಗುರದ್ದು ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ, ಕಾಫಿ ಕುಡಿದ ಹಾಗೆ ಒಂದರ ಹಿಂದೆ ಒಂದು ದಮ್ಮು ಎಳೆದೆ. ಅರ್ಧಕ್ಕೆ ತಲೆ ತಿರುಗಿ, ಮೈಯೆಲ್ಲ ಬೆವರಿ, ನೆಲದ ಮೇಲೆ ಮಲಗಿದ್ದೆ. ಸಿಹಿ ಘಮ ಮಾಡುವ ಮೋಸ ಇದೇ, ಎಲೆ ಖಾರವಾಗಿದ್ದರೆ ಬಾಯಿಯೇ ಸಾಕು ಅನ್ನುತ್ತಿತ್ತು.

ಕಾನೂನು ಮಾಡುವವರ ತಲೆನೋವೂ ಇಲ್ಲೇ ಇದೆ. ಅಮೆರಿಕದಲ್ಲಿ 2009ರ ಕಾನೂನು ಮೆಂಥಾಲ್ ಬಿಟ್ಟು ಉಳಿದ ಘಮದ ಸಿಗರೇಟುಗಳನ್ನು ನಿಷೇಧಿಸಿತು, ಸಿಗಾರ್‌ಗಳು ಉಳಿದುಕೊಂಡವು. ಘಮದ ಸಿಗಾರ್‌ಗಳನ್ನೂ ನಿಲ್ಲಿಸುವ ಪ್ರಸ್ತಾಪವನ್ನು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ತಂದು 2025ರ ಜನವರಿಯಲ್ಲಿ ವಾಪಸ್ ಪಡೆಯಿತು. ನಡುವೆ 2023ರಲ್ಲಿ ಅಲ್ಲಿನ ಒಂದು ಕೋರ್ಟು ಪ್ರೀಮಿಯಂ ಸಿಗಾರ್‌ಗಳನ್ನು ಎಫ್‌ಡಿಎ ನಿಯಮದಿಂದ ಹೊರಗಿಟ್ಟಿತು, ಆದರೆ ಆ ತೀರ್ಪಿನ ಪ್ರಕಾರ ಪ್ರೀಮಿಯಂ ಅನ್ನಿಸಿಕೊಳ್ಳಲು ಹೊಗೆಸೊಪ್ಪಿನದಲ್ಲದೆ ಬೇರೆ ಘಮ ಎದ್ದು ಕಾಣಬಾರದಿತ್ತು. ಅಂದರೆ ನಮ್ಮ ಕಾಫಿಯದು ಆ ಸಾಲಿಗೆ ಸೇರಲಿಲ್ಲ. ಘಮ ಎಳೆಯರನ್ನು ಸೆಳೆಯುತ್ತದೆ ಅನ್ನುವುದು ನಿಷೇಧ ಕೇಳುವವರ ವಾದ. ನಾನು ಅವನ್ನು ಸೇದುವವನೇ ಆದರೂ ಆ ವಾದಕ್ಕೆ ನನ್ನ ಬಳಿ ಉತ್ತರ ಇಲ್ಲ. ನೆಲದ ಮೇಲೆ ಮಲಗಿದ್ದಾಗ ನನಗೆ ವಯಸ್ಸಾದರೂ ಆಗಿತ್ತು. ನನ್ನ ಲೆಕ್ಕ ಈಗ ತಿಂಗಳಿಗೆ ಒಂದು, ಅದೂ ಚಿಕ್ಕದು. ಶುರು ಮಾಡದವರು ಶುರು ಮಾಡಲೇಬೇಕಾದ ಕಾರಣ ಒಂದೂ ಇಲ್ಲ. ನಿಮ್ಮ ಪತ್ರಿಕೆ "ಹೊಸಬರಿಗೆ ಒಳ್ಳೆಯದು" ಅನ್ನುವ ಆ ಎರಡು ಪದವನ್ನು ತಿದ್ದಿ ಹಾಕಿದರೆ ಚೆನ್ನಾಗಿರುತ್ತದೆ.

ಕೊನೆಗೆ, ಸಿಗಾರನ್ನು ಜೋಪಾನವಾಗಿ ಇಡುವ ವಿಚಾರ. ಇದು ಬರಹದಲ್ಲಿ ಇರಲೇ ಇಲ್ಲ. ಸಿಗಾರ್‌ಗೆ 65ರಿಂದ 70 ಶೇಕಡಾ ತೇವ ಇರುವ ಡಬ್ಬಿ ಬೇಕು, ಸರಿ. ಆದರೆ ಕಾಫಿಯವನ್ನು ಬೇರೆಯವುಗಳ ಜೊತೆ ಇಡಬಾರದು. ಪಕ್ಕದ ವಾಸನೆ ಎಳೆದುಕೊಳ್ಳುವುದು ಹೊಗೆಸೊಪ್ಪಿನ ಗುಣ ಅಂದೆನಲ್ಲ, ಆ ಗುಣ ಕಾರ್ಖಾನೆಯಲ್ಲಿ ಮುಗಿದುಹೋಗುವುದಿಲ್ಲ. ನಾನು ಐದು ಕಾಫಿ ಸಿಗಾರನ್ನು ಸೀಡರ್ ಮರದ ಒಂದೇ ಡಬ್ಬಿಯಲ್ಲಿ ಉಳಿದವುಗಳ ಜೊತೆ ಇಟ್ಟು ಎರಡು ತಿಂಗಳು ಮರೆತೆ. ತೆರೆದಾಗ ಎಲ್ಲವೂ ಕಾಫಿ. ಜೋಪಾನ ಮಾಡಿ ಇಟ್ಟುಕೊಂಡಿದ್ದ ಹಳೆಯ ಎರಡು ಸಿಗಾರೂ ಕಾಫಿ. ಡಬ್ಬಿಯನ್ನು ಒರೆಸಿದೆ, ತಿಂಗಳು ತೆರೆದಿಟ್ಟೆ, ಮರಕ್ಕೆ ಇಳಿದದ್ದು ಹೋಗಲಿಲ್ಲ. ಈಗ ಅದರಲ್ಲಿ ಪೆನ್ನು, ಗುಂಡುಪಿನ್ನು ಹಾಕಿ ಇಟ್ಟಿದ್ದೇನೆ. ಈ ಪತ್ರ ಬರೆದ ಪೆನ್ನೂ ಅದರೊಳಗಿನದೇ, ಕಾಗದ ಮೂಸಿದರೆ ಗೊತ್ತಾಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ