ಎಕ್ಸೆಲ್‌ನಲ್ಲಿ ಇರುವ ಚಾರ್ಟನ್ನು ಪಿಪಿಟಿಯಲ್ಲಿ ಮತ್ತೆ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ನಾನು ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಒಂಬತ್ತು ವರ್ಷದಿಂದ ಡಾಟಾ ಎಂಟ್ರಿ ಆಪರೇಟರ್. ಕೆಡಿಪಿ ಸಭೆ (ಇಲಾಖೆಗಳ ಪ್ರಗತಿ ಪರಿಶೀಲಿಸುವ ಸಭೆ) ಬಂತು ಅಂದರೆ ಹಿಂದಿನ ರಾತ್ರಿ ನಮಗೆ ನಿದ್ದೆ ಇರುವುದಿಲ್ಲ. ಎಕ್ಸೆಲ್ ಶೀಟ್‌ನಲ್ಲಿ ಚಾರ್ಟ್ ರೆಡಿ ಇರುತ್ತದೆ, ಅಂಕಿಗಳೂ ಸರಿ ಇರುತ್ತವೆ. ಆದರೂ ‘ಪಿಪಿಟಿಯಲ್ಲಿ (ಪವರ್‌ಪಾಯಿಂಟ್ ಸ್ಲೈಡ್‌ನಲ್ಲಿ) ನೀಟಾಗಿ ಹೊಸದು ಮಾಡಿ’ ಅಂತ ಅಧಿಕಾರಿಗಳು ಹೇಳುತ್ತಾರೆ. ಇದು ನಿಲ್ಲಬೇಕು. ಕೆಲಸ ಜಾಸ್ತಿ ಆಗುತ್ತದೆ ಅನ್ನುವುದು ನನ್ನ ದೂರಲ್ಲ, ಹೀಗೆ ಮಾಡುವಾಗ ತಪ್ಪು ಅಂಕಿ ಸಭೆಗೆ ಹೋಗುತ್ತದೆ.

ಒಂದು ಮುಂಗಾರು ಪರಿಶೀಲನಾ ಸಭೆಯಲ್ಲಿ ಆದದ್ದು ಹೇಳುತ್ತೇನೆ. ಶೀಟ್‌ನಲ್ಲಿದ್ದ ಚಾರ್ಟ್‌ನಲ್ಲಿ ಪ್ರತಿ ತಾಲ್ಲೂಕಿಗೆ ಎರಡು ಕಂಬ, ಒಂದು ವಾಡಿಕೆ ಮಳೆ, ಇನ್ನೊಂದು ಬಿದ್ದ ಮಳೆ. ಅದರ ಮೇಲೆ ಶೇಕಡಾ ವ್ಯತ್ಯಾಸದ ಗೆರೆ, ಆ ಗೆರೆಗೆ ಬಲಗಡೆ ಅದರದ್ದೇ ಅಳತೆ. ಇದನ್ನು ಪಿಪಿಟಿಗೆ ಪೇಸ್ಟ್ ಮಾಡಿದಾಗ ಬಣ್ಣ ಬದಲಾಯಿತು. ಸಾಹೇಬರು ನೋಡಿ ‘ಇದು ಕೆಟ್ಟುಹೋಯ್ತು, ಹೊಸದಾಗಿ ಮಾಡಿ’ ಅಂದರು. ಪಿಪಿಟಿಯಲ್ಲಿ ಇನ್ಸರ್ಟ್ ಚಾರ್ಟ್ ಒತ್ತಿದರೆ ಕೆಟಗರಿ 1, ಸೀರೀಸ್ 1 ಅಂತ ಒಂದು ಸಣ್ಣ ಶೀಟ್ ಬರುತ್ತದೆ, ಒಳಗೆ 4.3, 2.4 ಅಂತ ಯಾವುದೋ ಸುಳ್ಳು ಅಂಕಿ. ಅದರ ಮೇಲೆ ಒಂದೊಂದಾಗಿ ಟೈಪ್ ಮಾಡುತ್ತಾ ಕೂತೆ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ತಾಲ್ಲೂಕಿನ -28 ನನ್ನ ಕೈಯಲ್ಲಿ -18 ಆಯಿತು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಶೇ 19ರಷ್ಟು ಕಡಿಮೆ ಬಿದ್ದರೂ ಮಳೆ ‘ಸಾಮಾನ್ಯ’. ಶೇ 20ರಿಂದ 59ರಷ್ಟು ಕಡಿಮೆ ಆದರೆ ‘ಕೊರತೆ’. ಒಂದೇ ಒಂದು ಅಂಕಿಗೆ ಇಡೀ ತಾಲ್ಲೂಕು ಕೊರತೆಯಿಂದ ಸಾಮಾನ್ಯಕ್ಕೆ ಬಂತು. ಜೊತೆಗೆ ಬಲಗಡೆಯ ಅಳತೆ ಹಾಕಲು ಮರೆತಿದ್ದೆ, ನೂರಾರು ಮಿಲಿಮೀಟರ್‌ನ ಕಂಬಗಳ ಬುಡದಲ್ಲಿ ಶೇಕಡಾ ಗೆರೆ ಇರುವೆ ಸಾಲಿನ ಹಾಗೆ ಮಲಗಿತ್ತು, ಹಾಗಾಗಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ. ಮೂಲೆಯಲ್ಲಿ ಅಳಿಸದೆ ಉಳಿದ ‘ಸೀರೀಸ್ 3’ ಬೇರೆ. ಬೆಳಿಗ್ಗೆ ಸಭೆಯಲ್ಲಿ ಆ ಕಡೆಯ ಸದಸ್ಯರೊಬ್ಬರು ಎದ್ದು ನಿಂತು, ‘ನಮ್ಮ ಕೆರೆಗೆ ಹನಿ ನೀರು ಬಂದಿಲ್ಲ, ನೀವು ಮಳೆ ಸಾಮಾನ್ಯ ಅಂತೀರಲ್ಲ ಸ್ವಾಮಿ’ ಅಂದರು. ಅವರು ಹೇಳಿದ್ದೂ ಸರಿ, ನಮ್ಮ ಶೀಟೂ ಸರಿ. ನಡುವೆ ಮತ್ತೆ ಟೈಪ್ ಮಾಡಿದ್ದೇ ತಪ್ಪು.

ಅಸಲಿಗೆ ಅಂದು ಚಾರ್ಟ್ ಕೆಟ್ಟಿರಲೇ ಇಲ್ಲ. ಸುಮ್ನೆ ಪೇಸ್ಟ್ ಮಾಡಿದರೆ ಪಿಪಿಟಿ ತನ್ನ ಥೀಮ್‌ನ ಬಣ್ಣ ಹಾಕಿಬಿಡುತ್ತದೆ, ಅಷ್ಟೇ. ಪೇಸ್ಟ್ ಬಟನ್ ಕೆಳಗಿನ ಸಣ್ಣ ಬಾಣ ಒತ್ತಿದರೆ ಐದು ಗುರುತು ಕಾಣುತ್ತವೆ. ಅದರಲ್ಲಿ ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್ ಅಂಡ್ ಲಿಂಕ್ ಡಾಟಾ’ ಆರಿಸಿಕೊಂಡರೆ ಬಣ್ಣವೂ ಉಳಿಯುತ್ತದೆ, ಎರಡು ಅಳತೆಯೂ ಉಳಿಯುತ್ತವೆ. ಆಮೇಲೆ ಶೀಟ್‌ನಲ್ಲಿ ಅಂಕಿ ಬದಲಾದರೆ ಪಿಪಿಟಿಯಲ್ಲಿ ‘ರಿಫ್ರೆಶ್ ಡಾಟಾ’ ಒತ್ತಿದರೆ ಸಾಕು. ಆದರೆ ಎಕ್ಸೆಲ್ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದರೆ ಕೊಂಡಿ ತಪ್ಪುತ್ತದೆ, ಆಗ ಫೈಲ್ ಮೆನುವಿನ ಇನ್ಫೋದಲ್ಲಿ ‘ಎಡಿಟ್ ಲಿಂಕ್ಸ್’ಗೆ ಹೋಗಿ ಹೊಸ ಜಾಗ ತೋರಿಸಬೇಕು. ಅಕ್ಷರ ಚಿಕ್ಕದಾಗಿ ಕಾಣುತ್ತದೆ ಅಂದರೆ ಅದನ್ನೂ ಎಕ್ಸೆಲ್‌ನಲ್ಲೇ ಸರಿ ಮಾಡಿ. ಸ್ಲೈಡ್‌ನ ಅಗಲ 33.87 ಸೆಂ.ಮೀ. ಇರುತ್ತದೆ, ಕಾಪಿ ಮಾಡುವ ಮೊದಲೇ ಚಾರ್ಟನ್ನು 30 ಸೆಂ.ಮೀ. ಅಗಲ ಮಾಡಿ, ಅಕ್ಷರ 18ಕ್ಕೆ ಇಟ್ಟರೆ ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣುತ್ತದೆ. ಮಳೆ, ಬಿತ್ತನೆ, ಗೊಬ್ಬರ ಎಲ್ಲಾ ಒಂದೇ ಚಾರ್ಟ್‌ನಲ್ಲಿ ತುಂಬಿಸಿ ಅಂತ ದಯವಿಟ್ಟು ಹೇಳಬೇಡಿ, ಶೀಟ್‌ನಲ್ಲೇ ಎರಡು ಚಾರ್ಟ್ ಮಾಡಿಕೊಳ್ಳೋಣ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು. ಆ ಐದರಲ್ಲಿ ‘ಎಂಬೆಡ್ ವರ್ಕ್‌ಬುಕ್’ ಅಂತ ಇರುವ ಎರಡನ್ನು ಒತ್ತಿದರೆ ಚಾರ್ಟ್ ಒಂದೇ ಹೋಗುವುದಿಲ್ಲ, ಇಡೀ ಎಕ್ಸೆಲ್ ಫೈಲ್ ಎಲ್ಲಾ ಶೀಟ್‌ಗಳ ಸಮೇತ ಪಿಪಿಟಿ ಒಳಗೆ ಸೇರಿಕೊಳ್ಳುತ್ತದೆ. ಸಭೆ ಮುಗಿದ ಮೇಲೆ ಆ ಪಿಪಿಟಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗುತ್ತದೆ ಅಲ್ವಾ? ಒಮ್ಮೆ ಹಾಗೆ ಬಂದ ಫೈಲ್‌ನಲ್ಲಿ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಡಾಟಾ ಇನ್ ಎಕ್ಸೆಲ್’ ಒತ್ತಿ ನೋಡಿದೆ. ಪಕ್ಕದ ಶೀಟ್‌ನಲ್ಲಿ ಬೆಳೆ ಪರಿಹಾರ ಪಡೆದ ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲಾ ಸಾಲಾಗಿ ಇದ್ದವು. ಕಳಿಸಿದವರಿಗೆ ಅದು ಗೊತ್ತೇ ಇರಲಿಲ್ಲ. ಹೊರಗೆ ಕಳಿಸುವ ಪ್ರತಿಯಲ್ಲಿ ಚಾರ್ಟನ್ನು ‘ಪಿಕ್ಚರ್’ ಆಗಿ ಪೇಸ್ಟ್ ಮಾಡಬೇಕು, ಇಲ್ಲವೇ ಪಿಡಿಎಫ್ ಮಾಡಿ ಕಳಿಸಬೇಕು.

ಕನ್ನಡಕ್ಕೂ ಇದರಿಂದ ಅನುಕೂಲ. ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ತಾಲ್ಲೂಕಿನ ಹೆಸರು ಬರೆದಿದ್ದರೆ, ಆ ಫಾಂಟ್ ಇಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಚುಕ್ಕಿ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರ ಬರುತ್ತವೆ. ಪಿಕ್ಚರ್ ಆಗಿ ಪೇಸ್ಟ್ ಮಾಡಿದ್ದರೆ ಹಾಗೆ ಆಗುವುದಿಲ್ಲ. ಮೊದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಇನ್ನೂ ಒಳ್ಳೆಯದು, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟ್ ಸಾಕು.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಸಭೆಯ ಹಿಂದಿನ ದಿನ ಸಂಜೆ ಐದರೊಳಗೆ ಅಂಕಿ ಅಂತಿಮ ಮಾಡಿ ಎಕ್ಸೆಲ್ ಫೈಲನ್ನೇ ನಮಗೆ ಕೊಡಿ, ಪ್ರಿಂಟ್ ಅಥವಾ ಮೊಬೈಲ್ ಫೋಟೊ ಬೇಡ. ಆಮೇಲೂ ಏನಾದರೂ ಬದಲಾದರೆ ಆ ಶೀಟ್‌ನಲ್ಲೇ ತಿದ್ದಲು ಹೇಳಿ, ಸ್ಲೈಡ್‌ನಲ್ಲಿ ಅಲ್ಲ. ಕಂಪ್ಯೂಟರ್ ತರಬೇತಿ ಕೊಡುವಾಗ ಆ ಐದು ಪೇಸ್ಟ್ ಗುರುತುಗಳಿಗೆ ಅರ್ಧ ಗಂಟೆ ಕೊಡಿಸಿ.

– ಒಬ್ಬ ಡಾಟಾ ಎಂಟ್ರಿ ಆಪರೇಟರ್