ಮಾಷ್ಟ್ರೇ, ನಾನು ಪಾಸಾದೆ

ಲಾನ್ ಬೌಲ್ಸ್, ಅಂದರೆ ಹುಲ್ಲಂಗಳದಲ್ಲಿ ಚೆಂಡನ್ನು ಗುರಿಯ ಹತ್ತಿರಕ್ಕೆ ಉರುಳಿಸುವ ಆಟ, ಅದರ ಅಂಪೈರ್ ಪರೀಕ್ಷೆ ಪಾಸಾಯಿತು. ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಬದಿಯಡ್ಕದ ಕಡೆಯ ನಿವೃತ್ತ ಲೆಕ್ಕದ ಮಾಷ್ಟ್ರು ಅಂತ ಮಾತ್ರ ಹೇಳುತ್ತೇನೆ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ನಾಲ್ವರು ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದರು. ಅವತ್ತೇ ನನಗೆ ಈ ಆಟದ ಹುಚ್ಚು ಹಿಡಿದದ್ದು. ಆದ್ರೆ ನಿಯಮ ಪುಸ್ತಕ ಇಂಗ್ಲಿಷಿನದು, ಓದಿದಷ್ಟೂ ಗೊಂದಲ.

ನೀವು ಅಡಕೆ ಒಣಗಿಸುವ ಅಂಗಳಕ್ಕೆ ಕರೆದಿರಿ. ಒಂದು ಅಡಕೆಯೇ ಜ್ಯಾಕ್, ಅಂದರೆ ಗುರಿಯ ಚಿಕ್ಕ ಚೆಂಡು; ತೆಂಗಿನಕಾಯಿಗಳೇ ಬೌಲ್, ಅಂದರೆ ಉರುಳಿಸುವ ಚೆಂಡು. ಉರುಳುತ್ತಾ ಬಂದು ಜ್ಯಾಕ್ ಮುಟ್ಟಿದ ಬೌಲಿಗೆ ಸೀಮೆಸುಣ್ಣದ ಗುರುತು ಹಾಕಿಸಿದಿರಿ. "ಇದು ಟಚರ್. ಅಂಚಿನ ಕಣಿಗೆ ಬಿದ್ದರೂ ಲೆಕ್ಕಕ್ಕುಂಟು. ಮುಟ್ಟದೆ ಬಿದ್ದದ್ದು ಇಲ್ಲ" ಅಂದಿರಿ. ಅಷ್ಟೇ, ತಲೆಗೆ ಹೋಯಿತು!

ಜ್ಯಾಕಿಗೆ ಯಾವ ಬೌಲ್ ಹತ್ತಿರ ಅನ್ನುವ ಅಳತೆಗೆ ಮಾತ್ರ ಮೂರು ಸಂಜೆ ಬೇಕಾಯಿತು. ಎರಡು ಕಾಯಿ, ನಡುವೆ ನೂಲಿನಷ್ಟೇ ವ್ಯತ್ಯಾಸ. ನನ್ನ ಕೈ ತಾಗಿ ಅಡಕೆ ಸರಿದಾಗಲೆಲ್ಲ ನೀವು ಬೈಯದೆ ಮತ್ತೆ ಇಟ್ಟಿರಿ. ಪರೀಕ್ಷೆಯಲ್ಲೂ ಅಂಥದ್ದೇ ಅಳತೆ ಬಂತು ಮಾಷ್ಟ್ರೇ. ಕೈ ನಡುಗಲಿಲ್ಲ.

ತುಂಬಾ ಥ್ಯಾಂಕ್ಸ್. ಭಾನುವಾರ ಮನೆಗೆ ಬರುತ್ತೇನೆ, ಸರ್ಟಿಫಿಕೇಟನ್ನು ಮೊದಲು ನೀವೇ ಕೈಯಲ್ಲಿ ಹಿಡಿಯಬೇಕು.