ಅತ್ತೆ ಹಂಚಿಕೊಟ್ಟ 31 ಮಿಲಿಮೀಟರ್

ನಿನ್ನೆ ರಾತ್ರಿ ಮೊದಲ ಸಲ ನಾವೇ ಕಟ್ಟಿದ ಟ್ರೈಲರ್ ಒಳಗೆ, ಅಂದರೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಮಲಗುವ ಗೂಡಿನೊಳಗೆ, ಮಲಗಿದ್ದೆವು. ಹನ್ನೊಂದರ ಹೊತ್ತಿಗೆ ಮಳೆ ಶುರುವಾಯಿತು. ಇವರು ಕೈ ಚಾಚಿ ಮುಂದಿನ ಮೂಲೆಯ ಪ್ಲೈವುಡ್ ಸವರಿದರು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. "ಒಣಗೇ ಇದೆ" ಅಂದರು. ಹತ್ತು ನಿಮಿಷಕ್ಕೆ ಗೊರಕೆ. ನನಗೆ ನಿದ್ದೆ ಬರಲಿಲ್ಲ, ಮಲಗಿಕೊಂಡೇ ಇದನ್ನು ಬರೆಯೋಕೆ ಶುರು ಮಾಡಿದೆ.

ಇವರ ಕಾಯಿಲೆಯ ಕಳೆದ ಒಂದೂವರೆ ವರ್ಷದ ಕಥೆ ನಿಮಗೆಲ್ಲ ಗೊತ್ತು. ಯಾವ ವಾರ್ಡು, ಎಷ್ಟು ದಿನ, ಡಾಕ್ಟರು ಏನಂದರು, ಅದನ್ನೆಲ್ಲ ಮತ್ತೆ ತೆಗೆಯಲ್ಲ. ಇವರು ರಿಪೋರ್ಟುಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಟ್ರೈಲರಿನ ಚಿತ್ರ ಬರೆಯುತ್ತಿದ್ದದ್ದೂ ಗೊತ್ತು. ಕಟ್ಟೋಕೆ ಇವರ ಕೈಗೆ ಬಲ ಇಲ್ಲದೆ ಅದು ನನ್ನ ತಲೆಗೆ ಬಂದದ್ದೂ ಗೊತ್ತು.

ಚಾಸಿ ವೆಲ್ಡ್ ಮಾಡಿಕೊಟ್ಟ ಗೆಳೆಯನಿಗೆ, ಲೈಟಿನ ವೈರಿಂಗ್ ಮುಗಿಸಿದ ತಮ್ಮನಿಗೆ, ಕ್ಲ್ಯಾಂಪುಗಳನ್ನೂ ಗ್ಯಾಸ್ ಟಾರ್ಚನ್ನೂ ಕೊಟ್ಟು ಇವತ್ತಿಗೂ ವಾಪಸ್ ಕೇಳದ ಸಹೋದ್ಯೋಗಿಗೆ, ಆಸ್ಪತ್ರೆಯ ದಿನಗಳಲ್ಲಿ ಮಗಳನ್ನು ತಮ್ಮ ಮನೆಯಲ್ಲೇ ಮಲಗಿಸಿಕೊಂಡವರಿಗೆ, ರಾತ್ರಿಯೆಲ್ಲ ಟಕಟಕ ಸದ್ದು ಕೇಳಿಯೂ ಬೆಳಿಗ್ಗೆ ನಕ್ಕು ಮಾತಾಡಿಸಿದ ಅಕ್ಕಪಕ್ಕದವರಿಗೆ, ಎಲ್ಲರಿಗೂ ಸೇರಿಸಿ ಒಂದೇ ಉಸಿರಿನಲ್ಲಿ ಥ್ಯಾಂಕ್ಸ್. ಬೇಜಾರು ಮಾಡಿಕೊಳ್ಳಬೇಡಿ. ಹೇಳಬೇಕಾದ್ದು ಬೇರೆ ಒಂದಿದೆ, ಅದಕ್ಕೆ ಜಾಸ್ತಿ ಜಾಗ ಬೇಕು.

ಅಂಚುಪಟ್ಟಿಯ ರಾತ್ರಿಯ ಬಗ್ಗೆ ನಿಮಗೆ ಯಾರಿಗೂ ಪೂರ್ತಿ ಹೇಳಿಲ್ಲ. ಅವತ್ತು ಜೊತೆಗಿದ್ದದ್ದು ಅತ್ತೆ ಒಬ್ಬರೇ.

ಚಾವಣಿಯ ತಗಡೂ ಪಕ್ಕದ ಗೋಡೆಯ ತಗಡೂ ಸೇರುವ ಕಡೆ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ ಕೂರಬೇಕು. ಒಂದು ಕಾಲು ಮೇಲೆ, ಇನ್ನೊಂದು ಕಾಲು ಪಕ್ಕಕ್ಕೆ. ನೇರ ಜಾಗದಲ್ಲಿ ಮಕ್ಕಳಾಟ. ಮುಂದೆ ಟ್ರೈಲರ್ ದುಂಡಗೆ ಇಳಿಯುವ ಕಡೆ ಮಾತ್ರ ಅಳು ಬರುತ್ತದೆ. ಮೇಲಿನ ಕಾಲು ಸಲೀಸಾಗಿ ಬಾಗುತ್ತದೆ. ಪಕ್ಕದ ಕಾಲು ತಿರುವಿನ ಒಳಗಡೆ ಸಿಕ್ಕಿಬೀಳುತ್ತದೆ. ಅಲ್ಲಿ ಜಾಗ ಕಡಿಮೆ, ಲೋಹ ಜಾಸ್ತಿ. ಎಲ್ಲೋ ಒಂದು ಕಡೆ ಸುಕ್ಕು ಬಂದು ಮಡಚಿಕೊಳ್ಳುತ್ತದೆ.

ನನ್ನ ಹತ್ತಿರ ಇದ್ದದ್ದು ಐದು ಪಟ್ಟಿ. ಮೊದಲನೆಯದನ್ನು ಬಿಸಿ ಮಾಡದೆ ಬಗ್ಗಿಸಿದೆ, ಬಿರುಕು ಬಿಟ್ಟಿತು. ಎರಡನೆಯದಕ್ಕೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಕೆಂಪಾಗಲಿ ಅಂತ ಕಾದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಅಚ್ಚ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಪಟ್ಟಿಯ ಮಿಶ್ರಲೋಹ ಇನ್ನೂ ಸ್ವಲ್ಪ ಮೊದಲೇ. ಬೆಳ್ಳಗೆ ಇದ್ದದ್ದು ಇದ್ದ ಹಾಗೇ ನಡುವೆ ಜೋತುಬಿದ್ದು ತುಂಡಾಗಿ ನೆಲಕ್ಕೆ ಬಿತ್ತು. ಮೂರನೆಯದು ಮೆತ್ತಗಾಯಿತು, ಬಾಗಿತು, ಕೊನೆಗೆ ನಟ್ಟನಡುವೆ ಕಿವಿ ಮಡಚಿದ ಹಾಗೆ ಮಡಚಿಕೊಂಡಿತು. ಉಳಿದದ್ದು ಎರಡು. ಎಡಕ್ಕೆ ಒಂದು, ಬಲಕ್ಕೆ ಒಂದು.

ರಾತ್ರಿ ಹನ್ನೆರಡೂವರೆ. ಬೆಳಗಿನ ಜಾವ ಮಳೆ ಅಂತ ಮುನ್ಸೂಚನೆ. ಟಾರ್ಪಾಲು ಹಿಂದಿನ ದಿನದ ಗಾಳಿಗೆ ಹರಿದಿತ್ತು. ಪ್ಲೈವುಡ್ಡಿನ ಅಂಚು ತೆರೆದೇ ಇತ್ತು. ಆ ಅಂಚು ಎಷ್ಟು ನೀರು ಕುಡಿಯುತ್ತದೆ ಅಂತ ಕಟ್ಟಿದವರಿಗೆ ಗೊತ್ತು. ಅದೇ ದಿನ ಸಂಜೆ ಇವರಿಗೆ ಮತ್ತೆ ಜ್ವರ ಏರಿತ್ತು.

ಸುತ್ತಿಗೆ ಎಸೆದೆ. ಗೋಡೆಗೆ ಬಡಿದು ಬಿತ್ತು. ಆ ಸದ್ದಿಗೆ ಅತ್ತೆ ಹೊರಗೆ ಬಂದರು.

ಅವರಿಗೆ ನಾನು ಅಂದ ಮಾತು ಇಲ್ಲಿ ಬರೆಯೋದೋ ಬೇಡವೋ ಅಂತ ಎರಡು ಸಲ ಅಳಿಸಿದೆ. "ಇದು ಅರ್ಧಕ್ಕೇ ನಿಂತುಬಿಟ್ಟರೆ ಅವರೂ ಏಳಲ್ಲ ಅನ್ನಿಸ್ತಿದೆ ಅತ್ತೆ" ಅಂದೆ. ಹೆತ್ತ ತಾಯಿಯ ಎದುರು ಆಡುವ ಮಾತೇ ಅದು? ಬಾಯಿಂದ ಬಿದ್ದುಹೋಗಿತ್ತು. ಅತ್ತೆ ಬಕೆಟ್ ಬೋರಲು ಹಾಕಿ ನನ್ನ ಪಕ್ಕ ಕೂತರು. ಬೆನ್ನು ಸವರಲಿಲ್ಲ, ಹಾಗೆಲ್ಲ ಅನ್ನಬೇಡ ಅಂತಲೂ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಂಗೂ ಹಾಗೇ ಅನ್ನಿಸ್ತಿದೆ. ಅದಕ್ಕೇ ಎಚ್ಚರ ಇದ್ದೆ" ಅಂದರು.

ಇಬ್ಬರೂ ಅತ್ತೆವು. ಎಷ್ಟು ಹೊತ್ತೋ ಗೊತ್ತಿಲ್ಲ.

ಆಮೇಲೆ ಅವರು ಹಾಳಾದ ಮೂರನೇ ಪಟ್ಟಿ ಎತ್ತಿಕೊಂಡರು. ಮಡಚಿದ ಜಾಗದ ಮೇಲೆ ಹೆಬ್ಬೆರಳು ಓಡಿಸಿದರು. "ಇಲ್ಲಿ ಬಟ್ಟೆ ಜಾಸ್ತಿ ಆಗಿದೆ" ಅಂದರು.

ಅತ್ತೆ 40 ವರ್ಷ ಬಟ್ಟೆ ಹೊಲಿದವರು. ಒಳಗೆ ಹೋಗಿ ಟೇಪು, ಸೀಮೆಸುಣ್ಣ ತಂದರು. ಟ್ರೈಲರಿನ ತಿರುವಿನ ಮೇಲೆ ಅಂಚಿಗುಂಟ ಅಳೆದರು: 63 ಸೆಂಟಿಮೀಟರಿಗೆ ಚೂರು ಕಡಿಮೆ. ಪಟ್ಟಿಯ ಕಾಲು ಮುಗಿಯುವ ಕಡೆ, ಅಂದರೆ 20 ಮಿಲಿಮೀಟರ್ ಒಳಗೆ ಅಳೆದರು: 60ಕ್ಕೂ ಕಮ್ಮಿ. ಮೂರು ಸೆಂಟಿಮೀಟರಿನಷ್ಟು ಲೋಹಕ್ಕೆ ಹೋಗಲು ಜಾಗವೇ ಇಲ್ಲ. ಮರುದಿನ ನಾನು ಲೆಕ್ಕ ಹಾಕಿದಾಗ 31 ಮಿಲಿಮೀಟರ್ ಬಂತು. ತಮಾಷೆ ಅಂದರೆ, ಕಾಲು ಸುತ್ತಿನ ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಪಟ್ಟಿಯ ಕಾಲು 20 ಮಿಲಿಮೀಟರ್ ಅಗಲ ಇದ್ದರೆ ಕುಗ್ಗಬೇಕಾದ್ದು ಅದೇ 31. ತಿರುವು ದೊಡ್ಡದಾದರೆ ಹಂಚೋಕೆ ಜಾಗ ಜಾಸ್ತಿ ಸಿಗುತ್ತದೆ, ಅಷ್ಟೇ.

"ತ್ರಿಕೋನ ಕತ್ತರಿಸಿ ತೆಗೆದುಬಿಡೋಣವಾ?" ಅಂದೆ. "ದುಂಡು ಕಾಲರಿಗೆ ಹಾಗೆ ಕಟ್ ಕೊಡ್ತೀವಿ. ಅದು ಒಳಗೆ ಮುಚ್ಚಿಹೋಗುತ್ತೆ. ಇದು ಹೊರಗೆ ಕಾಣೋದು, ಕಟ್ ಕೊಟ್ಟಲ್ಲೆಲ್ಲ ನೀರು ಹೋಗುತ್ತೆ. ಇದನ್ನ ತೋಳು ಕೂರಿಸಿದ ಹಾಗೆ ಕೂರಿಸಬೇಕು." ತೋಳಿನ ತಲೆ ಆರ್ಮ್‌ಹೋಲ್‌ಗಿಂತ ಸ್ವಲ್ಪ ದೊಡ್ಡದೇ ಇರುತ್ತದಂತೆ. ಜಾಸ್ತಿ ಇರುವ ಬಟ್ಟೆಯನ್ನು ಉದ್ದಕ್ಕೂ ಚೂರುಚೂರೇ ಹಂಚಿಕೊಂಡು ಹೋದರೆ ಹೊರಗೆ ಸುಕ್ಕು ಕಾಣುವುದಿಲ್ಲವಂತೆ. ಮೊದಲು ನಡುವೆ ಪಿನ್ನು, ಆಮೇಲೆ ಎರಡೂ ಕಡೆಗೆ.

ಸೀಮೆಸುಣ್ಣದಲ್ಲಿ 4 ಸೆಂಟಿಮೀಟರಿಗೆ ಒಂದರಂತೆ 16 ಗುರುತು ಹಾಕಿದರು. ಒಂದೊಂದು ಗುರುತಿನ ಪಾಲಿಗೆ 2 ಮಿಲಿಮೀಟರ್. 31 ಅಂದಾಗ ಬೆಟ್ಟ, 2 ಅಂದಾಗ ಏನೂ ಅಲ್ಲ.

ಸೋಪಿನ ವಿದ್ಯೆ ನಾನು ಮೂರನೇ ಪಟ್ಟಿಯ ಹೊತ್ತಿಗೆ ಕಲಿತಿದ್ದೆ, ಹಿಡಿಯೋಕೆ ಮೂರನೇ ಕೈ ಇರಲಿಲ್ಲ. ಬಟ್ಟೆ ಸೋಪನ್ನು ಒಣಗಿದ್ದ ಹಾಗೇ ಪಟ್ಟಿಗೆ ಉಜ್ಜಬೇಕು. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಬೇಕು. ಸೋಪು ಮೊದಲು ಕಂದಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಕಪ್ಪಾಗುತ್ತದೆ. ಕಪ್ಪಾದ ಕ್ಷಣ ಜ್ವಾಲೆ ತೆಗೆಯಬೇಕು. ಅಲ್ಲಿಗೆ ಲೋಹ ಮೆತ್ತಗಾಗಿರುತ್ತದೆ, ಕರಗುವುದಕ್ಕೆ ಇನ್ನೂ ದೂರ ಇರುತ್ತದೆ. ನಾನು ಟಾರ್ಚ್ ಆಡಿಸಿದೆ. ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸೋಪಿನ ಬಣ್ಣ ನೋಡಿ, "ಮುಂದೆ... ಮುಂದೆ... ಅಲ್ಲಿ ಸಾಕು" ಅನ್ನುತ್ತಿದ್ದರು.

ತಣ್ಣಗಾದ ಮೇಲೆ ಪ್ಲೈವುಡ್ಡಿನ ಅಚ್ಚಿಗೆ ನಡುವೆ ಕ್ಲ್ಯಾಂಪ್ ಹಾಕಿದೆವು. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಗುರುತಿನ ಹತ್ತಿರ ಅಂಚನ್ನು ಚೂರೇ ತಿರುಚಿ ಒಂದು ಪುಟ್ಟ ಅಲೆ ಎಬ್ಬಿಸಬೇಕು. ಅಲೆಯ ಬಾಯನ್ನು ನೈಲಾನ್ ಸುತ್ತಿಗೆಯಿಂದ ಮೊದಲು ಮುಚ್ಚಬೇಕು, ಆಮೇಲೆ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಬೇಕು. ಬಾಯಿ ಮುಚ್ಚಿದ ಅಲೆಗೆ ಹಿಂದಕ್ಕೆ ಹರಡೋಕೆ ದಾರಿ ಇರುವುದಿಲ್ಲ, ತನ್ನೊಳಗೇ ಕುಗ್ಗುತ್ತದೆ. ತಟ್ಟುತ್ತಾ ಹೋದ ಹಾಗೆ ಲೋಹ ಮತ್ತೆ ಗಟ್ಟಿಯಾಗುತ್ತದೆ. ಅದು ಅತ್ತೆಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. 'ಟಪ್' ಅನ್ನುತ್ತಿದ್ದದ್ದು 'ಟಿಣ್' ಅಂದ ಕೂಡಲೇ, "ಸೋಪು" ಅಂತ ಕೈ ಚಾಚುತ್ತಿದ್ದರು. ಎಡಗಡೆಯ ಪಟ್ಟಿಗೆ ನಾಲ್ಕು ಸಲ ಸೋಪು, ನಾಲ್ಕು ಸಲ ಬೆಂಕಿ. ಬಲಗಡೆಯದು ಎರಡೇ ಸಲಕ್ಕೆ ಕೂತಿತು.

ನಡುವೆ ಒಂದು ಸಲ ಅತ್ತೆ ಎದ್ದು ಒಳಗೆ ಹೋಗಿ ಮಗನ ಹಣೆ ಮುಟ್ಟಿ ಬಂದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮತ್ತೆ ಇಕ್ಕಳ ಹಿಡಿದರು.

ನೀರು ಒಳಗೆ ಬಿಡದ ಬ್ಯೂಟೈಲ್ ಟೇಪ್ ಅಂಟಿಸಿ ಕೊನೆಯ ಸ್ಕ್ರೂ ಬಿಗಿದಾಗ ನಾಲ್ಕೂ ಇಪ್ಪತ್ತು. ಚಾವಣಿಯ ಉದ್ದದ ಪಟ್ಟಿಗಳಿಗೆ ಮೊದಲೇ ಉದ್ದನೆಯ ತೂತು ಮಾಡಿಕೊಂಡಿದ್ದೆ. ಮೂರು ಮೀಟರಿನ ಅಲ್ಯೂಮಿನಿಯಂ ಬಿಸಿಲಿಗೆ 40 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಬೆಳೆಯುತ್ತದೆ, ಆಡೋಕೆ ಜಾಗ ಬೇಕಲ್ವಾ. ಐದು ಗಂಟೆಗೆ ಹನಿ ಬಿತ್ತು. ಅತ್ತೆ ಬಕೆಟ್ಟಿನ ಮೇಲೆ ಕೂತಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು, ಮಡಿಲಲ್ಲಿ ಅರ್ಧ ಸವೆದ ಸೋಪು.

ಜ್ವರ ಆರನೇ ದಿನಕ್ಕೆ ಇಳಿಯಿತು. ಅದಕ್ಕೂ ಟ್ರೈಲರಿಗೂ ಸಂಬಂಧ ಇಲ್ಲ ಅಂತ ನನಗೂ ಗೊತ್ತು, ಅತ್ತೆಗೂ ಗೊತ್ತು. ಆ ಆರು ದಿನವೂ ಇಬ್ಬರೂ ಸುಮ್ನೆ ಒಂದು ಸುತ್ತು ಹೊರಗೆ ಹೋಗಿ ಪಟ್ಟಿ ಮುಟ್ಟಿ ಬರುತ್ತಿದ್ದೆವು.

ಎಡಗಡೆ ಒಂಬತ್ತನೇ ಗುರುತಿನ ಹತ್ತಿರ ಒಂದು ಸಣ್ಣ ಉಬ್ಬು ಉಳಿದಿದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ. ತಟ್ಟಿ ಸರಿಮಾಡಲಾ ಅಂತ ಮೊನ್ನೆ ಕೇಳಿದೆ. "ಈಗ ಟಿಣ್ ಅನ್ನುತ್ತೆ, ಮುಟ್ಟಬೇಡ" ಅಂದರು ಅತ್ತೆ. ಥ್ಯಾಂಕ್ಸ್ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಅದಕ್ಕೇ ಇದನ್ನು ನಿಮಗೆ ಬರೆದಿದ್ದೇನೆ. ಮಡಚಿಕೊಂಡ ಆ ಮೂರನೇ ಪಟ್ಟಿ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೆ. ಮಡಚಿದ ಕಡೆ ಕತ್ತರಿಸಿ ತೆಗೆಸಿ, ಉಳಿದ ನೇರ ತುಂಡನ್ನು ಅವರು ಹೊಲಿಗೆ ಮೆಷಿನ್ನಿನ ಹಲಗೆಯ ಅಂಚಿಗೆ ಹಾಕಿಸಿಕೊಂಡಿದ್ದಾರೆ.